ಒಂದೇ ಡಬ್ಬಿಯ ಬಣ್ಣ

ಶ್ರೀರಾಂಪುರ, ಬೆಂಗಳೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ತಾತನ ಆಶೀರ್ವಾದಗಳು.

ಗುರುವಾರ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಆಗಲೇ ಉತ್ತರ ಕೊಡಲಿಲ್ಲ. ನೀನು ಅಳುತ್ತಿದ್ದೆ. ನಿಮ್ಮಜ್ಜಿ ಪಕ್ಕದಲ್ಲಿ ನಿಂತು ‘ಊಟ ಆಯ್ತಾ ಕೇಳಿ, ಊಟ ಆಯ್ತಾ ಕೇಳಿ’ ಅಂತ ನನ್ನ ತೋಳು ಜಗ್ಗುತ್ತಿದ್ದಳು. ಆ ಗದ್ದಲದಲ್ಲಿ ಏನು ಹೇಳಿದ್ದರೂ ಅದು ಸಮಾಧಾನದ ಮಾತಾಗುತ್ತಿತ್ತೇ ಹೊರತು ಉತ್ತರವಾಗುತ್ತಿರಲಿಲ್ಲ. ಆಮೇಲೆ ಎರಡು ಸಂಜೆ ನಮ್ಮ ಕ್ರಾಸಿನ ವಕೀಲರ ಮನೆ ಜಗುಲಿಯಲ್ಲಿ ಕೂತು ಬಂದೆ. ಈಗ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಹಾಕಬಾರದಾ ಅಂತೀಯ. ಇಷ್ಟುದ್ದದ್ದನ್ನು ಹೆಬ್ಬೆರಳಲ್ಲಿ ಒತ್ತುವ ತಾಳ್ಮೆ ನನಗಿಲ್ಲ.

ನನಗೆ ಅರ್ಥವಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ನೀವು ಆರು ಜನ ಸೇರಿ ಕಾಲೇಜಿಗಾಗಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೀರಿ. ಆಟದಲ್ಲಿ ಒಂದು ಕೆರೆ, ಒಬ್ಬ ನೀರಗಂಟಿ. ಬರಗಾಲದ ವರ್ಷ. ರಾತ್ರಿ ಹೊತ್ತು ಲಾಂದ್ರ ಹಿಡಿದು ಏರಿಯ ಮೇಲೆ ನಡೆದು, ಯಾವ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು ಅಂತ ಅವನು ತೀರ್ಮಾನ ಮಾಡಬೇಕು. (ಇದನ್ನು ನೀನು ಮೊದಲು ಹೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಕೋಲಾರದ ಕಡೆ ನಮ್ಮಪ್ಪನ ಊರಿನಲ್ಲಿ ನೀರಗಂಟಿ ಒಂದು ಮಾತು ಹೇಳಿದರೆ ಶಾನುಭೋಗರೂ ಎದುರಾಡುತ್ತಿರಲಿಲ್ಲವಂತೆ.) ಆ ನೀರಗಂಟಿಯನ್ನು ಬರೆದವಳು ನೀನು, ಹದಿನಾಲ್ಕು ಹಾಳೆ. ಕೆರೆ, ಏರಿ, ಹುಣಸೆಮರ, ಆಕಾಶ ಬರೆದವಳು ಧಾರವಾಡದ ಹುಡುಗಿ. ನಿನ್ನ ಚಿತ್ರಕ್ಕೆ ನಡಿಗೆ ಕೊಡುವ ಹುಡುಗ ನಿನ್ನನ್ನು ಒಂದು ಮಾತೂ ಕೇಳದೆ ಮುದುಕನ ಮೂಗು ಮೊಂಡು ಮಾಡಿ, ಕಣ್ಣು ದೊಡ್ಡದು ಮಾಡಿಬಿಟ್ಟ. ಸಬ್ಮಿಷನ್‌ಗೆ ಇನ್ನು ಮೂರು ವಾರ. ನೀನು ಅಂದಿದ್ದು: ‘ನನ್ನ ಡಿಸೈನ್, ನನ್ನ ರೈಟ್ಸ್. ವಾಪಸ್ ತೆಗೆದುಕೊಳ್ಳುತ್ತೇನೆ. ಬೇರೆ ಮುದುಕನನ್ನು ಬರೆದುಕೊಳ್ಳಲಿ.’

ಮೊದಲು ರೈಟ್ಸ್ ವಿಷಯ. ವಕೀಲರು ನಿನ್ನ ಶಬ್ದವನ್ನೇ ತಿದ್ದಿದರು. ನಮ್ಮ ಕಾಯ್ದೆಯಲ್ಲಿ ‘ಡಿಸೈನ್’ ಅಂದರೆ ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವಿನ ಆಕಾರ, ಮೇಲಿನ ಅಲಂಕಾರ. ನೀರಿನ ಬಾಟಲಿಯ ಸೊಂಟ, ಕುರ್ಚಿಯ ಬೆನ್ನು, ಇಂಥದ್ದು. ಅದಕ್ಕೆ 2000ದ ಡಿಸೈನ್ಸ್ ಆಕ್ಟ್ ಇದೆ. ನೋಂದಣಿ ಮಾಡಿಸಿದರೆ ಹತ್ತು ವರ್ಷ, ಆಮೇಲೆ ಬೇಕಾದರೆ ಇನ್ನೈದು. ನಿನ್ನ ನೀರಗಂಟಿ ಅದರಲ್ಲಿ ಬರುವುದಿಲ್ಲ. ಮುಂದೆ ಅವನ ಗೊಂಬೆ ಮಾಡಿ ಸಂತೆಯಲ್ಲಿ ಮಾರುವ ಕಾಲ ಬಂದರೆ ಆಗ ನೋಡೋಣ ಅಂದರು. ನಿನ್ನದು 1957ರ ಕಾಪಿರೈಟ್ ಕಾಯ್ದೆಯ ‘ಕಲಾಕೃತಿ’. ಕಲೆ ಅಂತ ನಾಲ್ಕು ಜನ ಒಪ್ಪಬೇಕಾಗಿಲ್ಲ. ಚಿತ್ರ ಚೆನ್ನಾಗಿರಲಿ, ಕೆಟ್ಟದಾಗಿರಲಿ, ಬರೆದವರದು. ನೋಂದಣಿಯೂ ಕಡ್ಡಾಯವಲ್ಲ. ಹಾಳೆಯ ಮೇಲೆ ಗೆರೆ ಬಿದ್ದ ಕ್ಷಣದಿಂದ ಹಕ್ಕು ಶುರು, ಬರೆದವರು ಬದುಕಿರುವವರೆಗೆ, ಆಮೇಲೆ ಅರವತ್ತು ವರ್ಷ. ಅಂದರೆ ನಿನ್ನ ಮೊಮ್ಮಕ್ಕಳು ಮುದುಕರಾಗುವವರೆಗೂ ಈ ಮುದುಕ ನಿಮ್ಮ ಮನೆಯವನೇ.

ಇಷ್ಟು ಕೇಳಿ ನೀನು ಗೆದ್ದೆ ಅಂದುಕೊಳ್ಳಬೇಡ, ಇನ್ನೂ ಇದೆ.

‘ಕೆರೆ ಕಾಯುವ ನೀರಗಂಟಿಯ ಆಟ’ ಅನ್ನುವ ಯೋಚನೆ ಯಾರ ಸೊತ್ತೂ ಅಲ್ಲ. ಯೋಚನೆಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಅಂತ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ, ಒಂದು ನಾಟಕಕ್ಕೂ ಒಂದು ಸಿನಿಮಾಗೂ ಬಿದ್ದ ಜಗಳದಲ್ಲಿ. ಹಾಗಾಗಿ ನಿನ್ನ ಹದಿನಾಲ್ಕು ಹಾಳೆ ನೀನು ಎತ್ತಿಕೊಂಡು ಹೋದರೆ, ಅವರು ಬೇರೆ ಮುದುಕನನ್ನು ಬರೆದು ಅದೇ ಆಟ ಮುಗಿಸಬಹುದು. ಇನ್ನು ಇಡೀ ಆಟದ ಮಾತು. ವಿಡಿಯೋ ಗೇಮ್ ಅಂತ ನಮ್ಮ ಕಾಯ್ದೆಯಲ್ಲಿ ಬೇರೆ ಖಾನೆಯೇ ಇಲ್ಲ. ಅದೊಂದು ಗಂಟು. ಬಿಚ್ಚಿದರೆ ಒಳಗೆ ಪ್ರೋಗ್ರಾಂ ಇದೆ, ಅದನ್ನು ಕಾಯ್ದೆ ಸಾಹಿತ್ಯ ಕೃತಿ ಅನ್ನುತ್ತದೆ (ಕೋಡ್ ಬರೆಯುವ ನಿಮ್ಮ ಹುಡುಗರಿಗೆ ಹೇಳು, ಅವರೂ ಸಾಹಿತಿಗಳೇ). ಚಿತ್ರ ಇದೆ, ಸಂಗೀತ ಇದೆ, ಮಾತಿದೆ. ಯಾರ ಕೈ ಯಾವುದು ಅಂತ ಬಿಡಿಸಿ ತೋರಿಸಲು ಬರುವಷ್ಟು ದಿನ ಅವರವರದು ಅವರವರದು. ನಿನ್ನ ಗೆರೆಯ ಮೇಲೆ ಆ ಹುಡುಗ ಬರೆದು, ಅವನ ಬಣ್ಣದ ಮೇಲೆ ನೀನು ಬರೆದು, ಇದು ಯಾರದು ಅಂತ ಬಿಡಿಸಲಾಗದ ಹಾಗೆ ಬೆರೆತುಹೋದರೆ ಅದು ಇಬ್ಬರದೂ. ಜಂಟಿ ಕೃತಿ.

ನೀನು ಸಂಬಳಕ್ಕೆ ಬರೆದಿಲ್ಲ, ಯಾರೂ ದುಡ್ಡು ಕೊಟ್ಟು ಬರೆಸಿಲ್ಲ. ಅದೇ ನಿನ್ನ ಬಲ. ಈ ಮಾತು ಹೇಳುವಾಗ ವಕೀಲರು ನನ್ನ ಮುಖ ನೋಡಿ ನಕ್ಕರು. ಯಾಕೆಂದರೆ ಅವರಿಗೆ ನನ್ನ ಹಳೆಯ ಕಥೆ ಗೊತ್ತು. 1979ರಲ್ಲಿ ಒಂದು ಸಿನಿಮಾದ ಹೆಸರಿನ ಅಕ್ಷರ ಬರೆದುಕೊಟ್ಟಿದ್ದೆ. ಎರಡು ರಾತ್ರಿ ಕೂತು, ಅಕ್ಷರದ ತಲೆಕಟ್ಟಿಗೆಲ್ಲ ಕತ್ತಿಯ ಮೊನೆ ಬರುವ ಹಾಗೆ. ಅದು ಬ್ಯಾನರಿಗೆ ಹೋಯಿತು, ಪೋಸ್ಟರಿಗೆ ಹೋಯಿತು, ಗ್ರಾಮಫೋನ್ ರೆಕಾರ್ಡಿನ ಹೊದಿಕೆಗೂ ಹೋಯಿತು. ನನಗೆ ಬಂದದ್ದು ನಲವತ್ತು ರೂಪಾಯಿ. ಬ್ಯಾನರಿನ ಮೂಲೆಯಲ್ಲಿ ನಾನು ಬ್ಯಾನರ್ ಬರೆಯುತ್ತಿದ್ದ ಕಂಪನಿಯ ಹೆಸರು ಇತ್ತು, ನನ್ನದಿರಲಿಲ್ಲ. ಆ ಕೊರಗನ್ನು ನಲವತ್ತು ವರ್ಷ ಇಟ್ಟುಕೊಂಡಿದ್ದೆ. ವಕೀಲರು ಕಾಯ್ದೆ ಪುಸ್ತಕ ತೆರೆದು ಹದಿನೇಳನೇ ಕಲಂ ಓದಿದರು. ದುಡ್ಡು ಕೊಟ್ಟು ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವನೇ ಮೊದಲ ಮಾಲೀಕ. ‘ನಲವತ್ತು ರೂಪಾಯಿ ಜೇಬಿಗೆ ಹಾಕಿಕೊಂಡ ಹೊತ್ತಿಗೇ ನಿಮ್ಮ ಕಥೆ ಬಹುಮಟ್ಟಿಗೆ ಮುಗಿದಿತ್ತು ಸ್ವಾಮಿ’ ಅಂದರು. ನನಗೆ ಬೇಜಾರಾಗಲಿಲ್ಲ, ಏನೋ ಹಗುರವಾಯಿತು. ಇಷ್ಟು ವರ್ಷ ನಾನು ತಪ್ಪು ಜಾಗದಲ್ಲಿ ಕೆರೆದುಕೊಳ್ಳುತ್ತಿದ್ದೆ. ನೋವಾಗಿದ್ದು ಮಾಲೀಕತ್ವಕ್ಕಲ್ಲ, ಹೆಸರಿಗೆ.

ಹೆಸರಿಗೆ ಬೇರೆಯೇ ಕಲಂ ಇದೆಯಂತೆ, ಐವತ್ತೇಳನೆಯದು. ಹಕ್ಕನ್ನೆಲ್ಲ ಮಾರಿಕೊಂಡ ಮೇಲೂ ಬರೆದವನ ಹತ್ತಿರ ಎರಡು ಉಳಿಯುತ್ತವೆ: ಇದು ನಾನು ಬರೆದದ್ದು ಅನ್ನುವುದು ಒಂದು, ಮಾನ ಹೋಗುವ ಹಾಗೆ ಅದನ್ನು ವಿಕಾರ ಮಾಡಿದರೆ ಬೇಡ ಅನ್ನುವುದು ಇನ್ನೊಂದು. ದಿಲ್ಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರನಾಥ ಸೆಹಗಲ್ ಅವರು ಕಂಚಿನಲ್ಲಿ ದೊಡ್ಡದೊಂದು ಭಿತ್ತಿಶಿಲ್ಪ ಮಾಡಿದ್ದರು. ಮಾಡಿಸಿದ್ದು ಸರ್ಕಾರ, ಗೋಡೆ ಸರ್ಕಾರದ್ದು, ದುಡ್ಡೂ ಸರ್ಕಾರದ್ದೇ. 1979ರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಸೆಹಗಲ್ ಕೋರ್ಟಿಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟು ಉಳಿದ ಚೂರುಗಳನ್ನು ಅವರಿಗೇ ವಾಪಸ್ ಕೊಡಿ, ಜೊತೆಗೆ ಐದು ಲಕ್ಷ ಪರಿಹಾರ ಕೊಡಿ ಅಂತು. ನನ್ನ ಅಕ್ಷರಕ್ಕೆ ಮೋಸವಾದ ವರ್ಷವೇ ಅವರ ಶಿಲ್ಪವನ್ನೂ ಕಿತ್ತಿದ್ದರು ಅಂತ ತಿಳಿದು ನನಗೊಂದು ವಿಚಿತ್ರ ನೆಂಟಸ್ತಿಕೆ ಅನ್ನಿಸಿತು. ಅವರೆಲ್ಲಿ, ನಾನೆಲ್ಲಿ.

ಇನ್ನೊಂದು ಎಚ್ಚರಿಕೆ. ಹೋದ ದೀಪಾವಳಿಗೆ ನೀನು ಒಂದು ಆಟ ಆಡಿ ತೋರಿಸಿದೆಯಲ್ಲ, ಗೋಡೆಗೆ ಒಂದು ತೂತು ಹೊಡೆದು ಒಳಗೆ ಹೋದರೆ ಇನ್ನೊಂದು ಗೋಡೆಯ ತೂತಿನಿಂದ ಹೊರಗೆ ಬೀಳುವುದು, ಪೋರ್ಟಲ್? ನನಗೆ ತಲೆ ತಿರುಗಿ ಕಾಫಿ ಬೇಕು ಅಂದಿದ್ದೆ. ಅದರ ಹಿಂದಿನ ಕಥೆಯನ್ನು ನಿನ್ನ ಅಣ್ಣ ಹೇಳಿದ. ಅಮೆರಿಕದ ಡಿಜಿಪೆನ್ ಅನ್ನುವ ಕಾಲೇಜಿನ ಹುಡುಗರು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಅಂತ ಒಂದು ಆಟ ಮಾಡಿದ್ದರು, ನಿಮ್ಮ ಹಾಗೆಯೇ ವಿದ್ಯಾರ್ಥಿ ಗುಂಪು. ನೆಲಮಾಳಿಗೆಯಲ್ಲಿ ಸೆರೆ ಸಿಕ್ಕ ರಾಜಕುಮಾರಿ. ಅವಳ ಹೆಸರೇ ‘ಮಂಡಿ ಇಲ್ಲದವಳು’, ಆದ್ದರಿಂದ ಎಗರಲಾರಳು! ತೂತುಗಳಲ್ಲೇ ದಾಟಿ ಹೋಗಬೇಕು. (ಈ ಜಾಣತನ ನನಗೆ ಬಹಳ ಹಿಡಿಸಿತು. ಎಗರುವುದನ್ನು ಬರೆಯುವ ಕಷ್ಟವೇ ತಪ್ಪಿತಲ್ಲ.) ವಾಲ್ವ್ ಕಂಪನಿ ಆ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡಿತು, 2007ಕ್ಕೆ ಪೋರ್ಟಲ್ ಬಂತು. ತೂತಿನ ಉಪಾಯ ಬಂತು, ರಾಜಕುಮಾರಿ ಬರಲಿಲ್ಲ. ವಿದ್ಯಾರ್ಥಿಗಳು ಮಾಡಿದ ಆ ಆಟದ ಹಕ್ಕು ಕಾಲೇಜಿನ ಕೈಯಲ್ಲಿತ್ತು.  ಅದಕ್ಕೇ ಹೇಳುತ್ತಿದ್ದೇನೆ, ಸೇರುವಾಗ ನಿಮ್ಮಪ್ಪ ಕಣ್ಣು ಮುಚ್ಚಿ ಸಹಿ ಹಾಕಿದ ಕಾಗದಗಳಿವೆಯಲ್ಲ, ಅದರಲ್ಲಿ ವಿದ್ಯಾರ್ಥಿಗಳ ಕೆಲಸ ಯಾರದು ಅಂತ ಏನು ಬರೆದಿದೆ, ಓದು. ನೀನೂ ಆ ಹುಡುಗನೂ ಕಿತ್ತಾಡುತ್ತಿರುವ ಕಜ್ಜಾಯ ಮೂರನೆಯವರ ತಟ್ಟೆಯಲ್ಲಿರಬಹುದು.

ಹಕ್ಕಿನ ಮಾತು ಇಷ್ಟು ಸಾಕು. ನನಗೆ ಗೊತ್ತಿರುವ ವಿದ್ಯೆ ಇನ್ನೊಂದು. ಹತ್ತು ಕೈ ಬರೆದದ್ದು ಒಂದೇ ಕೈ ಬರೆದ ಹಾಗೆ ಕಾಣುವುದು ಹೇಗೆ.

ನಲವತ್ತು ಅಡಿ ಸಿನಿಮಾ ಕಟೌಟು ಅಂದರೆ ಅದು ಒಂದು ಚಿತ್ರವಲ್ಲ. ಕಾಲು ಒಬ್ಬ, ಪಂಚೆಯ ಮಡಿಕೆ ಒಬ್ಬ, ಎದೆ ಒಬ್ಬ, ಮುಖ ಮಾತ್ರ ಹಿರಿಯ. ಫೋಟೋದ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕುವುದು, ಪ್ಲೈವುಡ್ಡಿನ ಮೇಲೆ ಸುಣ್ಣದ ದಾರ ಹೊಡೆದು ಅಷ್ಟೇ ಚೌಕ ಹಾಕುವುದು. ಮೂರನೇ ಚೌಕದಲ್ಲಿ ಕಿವಿಯ ತುದಿ ಇದ್ದರೆ ಅಲ್ಲೂ ಮೂರನೇ ಚೌಕದಲ್ಲೇ. ನೆಲದ ಮೇಲೆ ಮಲಗಿಸಿ ಬರೆಯುವುದರಿಂದ ಯಾರಿಗೂ ಪೂರ್ತಿ ಆಕಾರ ಕಾಣುವುದಿಲ್ಲ. ಕೆಂಪೇಗೌಡ ರಸ್ತೆಯಲ್ಲಿ ಬಿದಿರು ಕಟ್ಟಿ ತುಂಡು ತುಂಡಾಗಿ ಮೇಲೇರಿಸಿದಾಗಲೇ ನೋಡಬೇಕು, ಎದೆ ಭುಜ ಕೂಡಿತೋ ಇಲ್ಲವೋ ಅಂತ. ಎದುರು ಫುಟ್‌ಪಾತಿನಲ್ಲಿ ನಿಂತು ಬೀಡಿ ಸೇದುತ್ತಾ ನೋಡುತ್ತಿದ್ದೆವು. ಗೆರೆ ತಪ್ಪಿದ್ದರೆ ನೂರು ಅಡಿ ದೂರಕ್ಕೆ ಜನಕ್ಕೆ ಕಾಣುವುದಿಲ್ಲ. ಬಣ್ಣ ತಪ್ಪಿದ್ದರೆ ಕುರುಡನಿಗೂ ಕಾಣುತ್ತದೆ. ಬೆಳಕು ತಪ್ಪಿದ್ದರೆ ಯಾರಿಗೂ ಇಂಥದ್ದೇ ಅಂತ ಹೇಳಲು ಬರುವುದಿಲ್ಲ, ಆದರೆ ‘ಏನೋ ಸರಿಯಿಲ್ಲ ಗುರು’ ಅಂತಾರೆ.

ನಿಮ್ಮಲ್ಲೂ ಅದೇ ಅಲ್ಲವಾ? ನೀನು ಕಳಿಸಿದ ವಿಡಿಯೋವನ್ನು ಆರು ಸಲ ನೋಡಿದೆ. ನಿನ್ನ ಮುದುಕನಿಗೆ ದಪ್ಪ ಕಪ್ಪು ಅಂಚಿದೆ, ಆ ಹುಡುಗಿಯ ಹುಣಸೆಮರಕ್ಕೆ ಅಂಚೇ ಇಲ್ಲ. ಚಂದ್ರ ಬಲಗಡೆ ಇದ್ದಾನೆ, ಮರದ ನೆರಳೂ ಬಲಕ್ಕೇ ಬಿದ್ದಿದೆ. ಯಾವುದೋ ಆನ್‌ಲೈನ್ ಅಂಗಡಿಯಿಂದ ತಂದ ಸಿದ್ಧ ಚಿತ್ರದ ಗಾಡಿಯ ಚಕ್ರದಲ್ಲಿ ಒಂದೊಂದು ಮೊಳೆಯೂ ಎಣಿಸುವಷ್ಟು ವಿವರ, ಪಕ್ಕದ ತೂಬಿನ ಕಲ್ಲು ಬೋಳು. ನಾನು ಆಡಿದ್ದರೆ ಆ ಗಾಡಿಯನ್ನೇ ಒತ್ತುತ್ತಾ ಕೂರುತ್ತಿದ್ದೆ, ಅಷ್ಟು ವಿವರ ಬರೆದಿದ್ದಾರೆಂದರೆ ಅದರಲ್ಲೇನೋ ಇರಬೇಕು ಅಂತ. ತೂಬನ್ನು ದಾಟಿ ಹೋಗುತ್ತಿದ್ದೆ. ನೋಡು, ಇಲ್ಲಿ ವಿಷಯ ಬರೀ ಅಂದದ್ದಲ್ಲ. ಆಟದಲ್ಲಿ ಚಿತ್ರವೇ ನಿಯಮ. ಯಾವುದನ್ನು ಮುಟ್ಟಬಹುದು, ಯಾವುದು ಸುಮ್ಮನೆ ನಿಂತಿದೆ ಅನ್ನುವುದನ್ನು ಚಿತ್ರವೇ ಹೇಳಬೇಕು. ಹಾಗೆಯೇ ಆ ಗಾಡಿ ತಂದದ್ದು ಎಲ್ಲಿಂದ, ಅದರ ಲೈಸೆನ್ಸಿನಲ್ಲಿ ಬರೆದವರ ಹೆಸರು ಹಾಕಬೇಕು ಅಂತಿದೆಯಾ, ಯಾರಾದರೂ ನೋಡಿದ್ದೀರಾ? ನಿನ್ನ ಹೆಸರಿಗಾಗಿ ಜಗಳ ಆಡುವವಳು ಆ ಗಾಡಿ ಮಾಡಿದವನ ಹೆಸರನ್ನೂ ಕೇಳಬೇಕು.

ಚಿಕ್ಕವಳಿದ್ದಾಗ ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಗಂಜೀಫಾ ಇಸ್ಪೀಟಿನ ಎಲೆ ನೋಡಿ ‘ಬಿಸ್ಕತ್ತು’ ಅಂದಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟದ ಹುಚ್ಚು ವಿಪರೀತ. ಕುದುರೆ ಚದುರಂಗದ ಅರವತ್ತನಾಲ್ಕು ಮನೆಯನ್ನೂ ಸುತ್ತಿ ಬರುವ ಲೆಕ್ಕ ಹಾಕಿದವರು. ಅವರು ಕಟ್ಟಿದ ಗಂಜೀಫಾ ಆಟಗಳಲ್ಲಿ ಒಂದಕ್ಕೆ 360 ಎಲೆ. ಅಷ್ಟನ್ನೂ ಒಬ್ಬನೇ ಕೂತು ಬರೆದಿರಲಾರ ಅಂತ ನನ್ನ ವೃತ್ತಿಯ ಕಣ್ಣು ಹೇಳುತ್ತದೆ. ಎಲೆಯ ಮುಖದ ಮೇಲೆ ಒಬ್ಬೊಬ್ಬ ದೇವರು, ಒಂದೊಂದು ಚೆಂದ. ಆದರೆ ಬೆನ್ನು? ಬೆನ್ನೆಲ್ಲ ಒಂದೇ ಥರ ಇರಲೇಬೇಕು. ಒಂದೇ ಒಂದು ಎಲೆಯ ಬೆನ್ನಿಗೆ ಬಣ್ಣ ತುಸು ಗಾಢವಾದರೂ ಎದುರಿಗೆ ಕೂತವನು ಅದನ್ನು ಗುರುತು ಹಿಡಿಯುತ್ತಾನೆ, ಆಟ ಕೆಟ್ಟಿತು. ಮುಖ ಬರೆದವನು ಎಷ್ಟು ದೊಡ್ಡ ಕಲಾವಿದನಾಗಿದ್ದರೂ ಬೆನ್ನಿನಲ್ಲಿ ಅವನ ಕೈ ಕಾಣಬಾರದು. ನಿಮ್ಮ ಆಟದಲ್ಲಿ ಯಾವುದು ಮುಖ, ಯಾವುದು ಬೆನ್ನು ಅಂತ ಆರು ಜನರೂ ಕೂತು ಮಾತಾಡಿದ್ದೀರಾ?

ಬೇರೆ ಕೈ ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ಪುಣೆಯವರು 2020ರಲ್ಲಿ ಮಾಡಿದ ‘ರಾಜಿ’ ಆಟವನ್ನು ನೀನೇ ತೋರಿಸಿದ್ದು. ಹುಡುಗಿ ಓಡುವುದು, ಹೋರಾಡುವುದು ಒಂದು ರೀತಿ ಇದ್ದರೆ, ನಡುನಡುವೆ ಕಥೆ ಹೇಳುವ ಭಾಗ ತೊಗಲುಗೊಂಬೆಯ ಹಾಗೆ ಬರುತ್ತದೆ. ಅಲ್ಲಿ ಬೇರೆ ಕೈ ಅಂತ ಕಣ್ಣಿಗೆ ಚುಚ್ಚುವುದಿಲ್ಲ. ಆಟ ನಿಂತಿತು, ಪರದೆ ಕಟ್ಟಿದರು, ಈಗ ಗೊಂಬೆಯಾಟ, ಅಷ್ಟೆ. ಬಾಗಿಲು ಇಟ್ಟು ಒಳಗೆ ಕರೆದರೆ ನೆಂಟ, ಗೋಡೆ ಹಾರಿ ಬಂದರೆ ಕಳ್ಳ.

ಈಗ ನಿನಗೆ ಇದುವರೆಗೆ ಹೇಳದ ಒಂದು ಕಥೆ. ನಿಮ್ಮಜ್ಜಿಗೆ ಮಾತ್ರ ಗೊತ್ತು.

1986. ನಾನಾಗ ಮುಖ ಬರೆಯುವ ಹಂತಕ್ಕೆ ಬಂದಿದ್ದೆ, ಕೈಕೆಳಗೆ ಐದು ಜನ. ಚಿಕ್ಕಬಳ್ಳಾಪುರದ ಕಡೆಯವನೊಬ್ಬ ಹುಡುಗ ಸೇರಿದ್ದ, ಇಪ್ಪತ್ತೊಂದೋ ಇಪ್ಪತ್ತೆರಡೋ. ಕೈ ಎಂಥದು ಅಂದರೆ, ನನ್ನ ಎದೆಯಲ್ಲಿ ಸಣ್ಣಗೆ ಉರಿ ಹತ್ತುವಷ್ಟು ಒಳ್ಳೆಯ ಕೈ. ಆರು ತುಂಡಿನ ಬ್ಯಾನರು. ನಾಯಕಿಯ ಮುಖ ಅವನಿಗೆ ಕೊಟ್ಟೆ, ಕುತ್ತಿಗೆಯಿಂದ ಕೆಳಗೆ ನನ್ನದು. ಅವನು ತನ್ನ ಮೂಲೆಯಲ್ಲಿ ತಾನೇ ಬಣ್ಣ ಕಲಸಿಕೊಂಡು ಬರೆದ. ರಾತ್ರಿ ಹತ್ತು ಗಂಟೆಗೆ ಅವನು ಊಟಕ್ಕೆಂದು ರೂಮಿಗೆ ಹೋದ ಮೇಲೆ ಎರಡು ತುಂಡನ್ನೂ ಗೋಡೆಗೆ ಒರಗಿಸಿ ಜೋಡಿಸಿದೆ. ಮುಖ ಗುಲಾಬಿ, ಕುತ್ತಿಗೆ ಅರಿಶಿನ. ಯಾರದೋ ತಲೆ ಕಡಿದು ಯಾರದೋ ಮೈಗೆ ಇಟ್ಟ ಹಾಗೆ. ಬೆಳಿಗ್ಗೆ ಐದಕ್ಕೆ ಲಾರಿ. ನಾನು ಕೂತೆ. ಮೂರು ಗಂಟೆ ಹೊತ್ತಿಗೆ ಆ ಮುಖದ ಮೇಲೆ ಪೂರ್ತಿ ನನ್ನ ಬಣ್ಣ ಏರಿತ್ತು. ಸೇರಿಕೊಂಡಿತು, ಗೆರೆ ಎಲ್ಲಿ ಅಂತ ಹುಡುಕಬೇಕು ಹಾಗೆ.

ಹುಡುಗ ನಾಲ್ಕೂವರೆಗೆ ಬಂದ. ನೋಡಿದ. ಒಂದು ಮಾತಾಡಲಿಲ್ಲ. ತನ್ನ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೊಂದನ್ನೇ ಒರೆಸಿ, ಪೇಪರಿನಲ್ಲಿ ಸುತ್ತಿಕೊಂಡು ಹೊರಟ. ತುಂಡು ಎತ್ತಲು ಒಂದು ಕೈ ಕೊಟ್ಟೇ ಹೋದ, ಅದು ಇನ್ನೂ ಚುಚ್ಚುತ್ತದೆ. ಆಮೇಲೆ ಅವನು ನಮ್ಮ ಕಡೆ ಬರಲಿಲ್ಲ. ಬ್ಯಾನರ್ ಕೆಲಸವನ್ನೇ ಬಿಟ್ಟನಂತೆ. ಹತ್ತು ಹನ್ನೆರಡು ವರ್ಷದಲ್ಲಿ ಫ್ಲೆಕ್ಸ್ ಬಂದು ನಮ್ಮೆಲ್ಲರ ಹೊಟ್ಟೆಗೂ ಹೊಡೆಯಿತು ಬಿಡು, ಇದ್ದಿದ್ದರೂ ಏನು ಮಾಡುತ್ತಿದ್ದ ಅಂತ ನನಗೆ ನಾನೇ ಹೇಳಿಕೊಂಡದ್ದುಂಟು. ಅದು ಸುಳ್ಳು ಸಮಾಧಾನ.

ಬಣ್ಣದ ವಿಷಯದಲ್ಲಿ ನಾನೇ ಸರಿ. ಈಗಲೂ ಹೇಳುತ್ತೇನೆ, ಆ ಗುಲಾಬಿ ಸರಿಹೋಗುತ್ತಿರಲಿಲ್ಲ. ಆದರೆ ಬೆಳಿಗ್ಗೆಯೇ ಒಂದು ದೊಡ್ಡ ಡಬ್ಬಿಯಲ್ಲಿ ಮೈಬಣ್ಣ ಕಲಸಿ ಇಬ್ಬರ ನಡುವೆ ಇಡಬೇಕಾದವನು ನಾನು. ಹಿರಿಯನ ಕೆಲಸ ಅದು. ಅದನ್ನು ಮಾಡದೆ ರಾತ್ರಿ ಅವನ ಮುಖದ ಮೇಲೆ ಬಳಿದೆ. ಅವನನ್ನು ರೂಮಿನಿಂದ ಕರೆಸಿ ‘ನೋಡಪ್ಪಾ ಹೀಗಾಗಿದೆ, ಬಾ, ನೀನೇ ಬದಲಿಸು’ ಅಂದಿದ್ದರೆ ಮೂರರ ಬದಲು ನಾಲ್ಕು ಗಂಟೆಗೆ ಮುಗಿಯುತ್ತಿತ್ತು.

ಈ ಕಥೆ ಆ ನಡಿಗೆ ಹುಡುಗನನ್ನು ಬೈಯಲು ಹೇಳಿದ್ದು ಅಂದುಕೊಂಡೆಯಾ? ಅವನಿಗೂ ಸೇರುತ್ತದೆ. ಆದರೆ ಹೋದ ತಿಂಗಳು ನೀನೇ ಖುಷಿಯಿಂದ ಫೋನ್ ಮಾಡಿದ್ದೆ: ‘ತಾತಾ, ಅವಳ ಆಕಾಶ ನೇರಳೆಯಾಗಿಬಿಟ್ಟಿತ್ತು, ರಾತ್ರಿಯೆಲ್ಲ ಕೂತು ನೀಲಿ ಮಾಡಿದೆ, ಈಗ ನೋಡು ಹೇಗಿದೆ!’ ನಾನು ‘ಭೇಷ್’ ಅಂದಿದ್ದೆ. ಅಂದದ್ದು ನನ್ನ ತಪ್ಪು. ಧಾರವಾಡದ ಆ ಹುಡುಗಿ ಬೆಳಿಗ್ಗೆ ಎದ್ದು ಫೈಲು ತೆರೆದಾಗ ಏನು ಮಾಡಿದಳು ಅಂತ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಅವಳು ಬ್ರಷ್ ಸುತ್ತಿಕೊಂಡು ಹೋಗಲಿಲ್ಲ, ಇನ್ನೂ ನಿಮ್ಮ ಜೊತೆ ಇದ್ದಾಳೆ ಅನ್ನುವುದು ನಿನ್ನ ಪುಣ್ಯ. ಮೂಗು ಮೊಂಡಾದದ್ದಕ್ಕೆ ನೀನು ಎರಡು ದಿನ ಅತ್ತೆಯಲ್ಲ ಮಗಳೇ, ಅವಳದ್ದು ಇಡೀ ಆಕಾಶ.

ಆ ಹುಡುಗನ ಪರವಾಗಿಯೂ ಒಂದು ಮಾತು. ನಿನ್ನ ಹಾಳೆಯ ಮುದುಕನಿಗೆ ಉದ್ದ ಮೂಗು, ಸುಕ್ಕಿನೊಳಗೆ ಹುದುಗಿದ ಸಣ್ಣ ಕಣ್ಣು. ನೋಡಿ ನನಗೆ ನನ್ನ ಅಜ್ಜನೇ ಬಂದು ನಿಂತ ಹಾಗಾಯಿತು. ಆದರೆ ಆಟದಲ್ಲಿ ಅವನು ಪರದೆಯ ಮೇಲೆ ನನ್ನ ಕಿರುಬೆರಳಿನಷ್ಟು ಎತ್ತರ ಇದ್ದಾನೆ. ಅಷ್ಟು ಸಣ್ಣದರಲ್ಲಿ ಆ ಕಣ್ಣು ಒಂದು ಚುಕ್ಕೆಯೂ ಆಗುವುದಿಲ್ಲ. ಅವನು ನೋಡುತ್ತಿರುವುದು ತೂಬನ್ನೋ, ಕೋಡಿಯನ್ನೋ ತಿಳಿಯದಿದ್ದರೆ ಆಡುವವರು ಏನು ಮಾಡಬೇಕು? ಕಟೌಟಿನಲ್ಲಿ ನಾವು ಇದರ ತಿರುವುಮುರುವು ಮಾಡುತ್ತಿದ್ದೆವು, ದೂರಕ್ಕೆ ಕಾಣಲಿ ಅಂತ ಹುಬ್ಬು ದಪ್ಪ, ತುಟಿಯ ಅಂಚು ದಪ್ಪ. ಹತ್ತಿರ ಹೋದರೆ ರಾಕ್ಷಸನ ಹಾಗೆ ಕಾಣುತ್ತಿತ್ತು. ಅವನು ಬದಲಿಸಿದ್ದರಲ್ಲಿ ಕಾರಣವಿದೆ. ಕೇಳದೆ ಬದಲಿಸಿದ್ದಕ್ಕೆ ಕಾರಣವಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಬೈಯಬೇಡ, ಬೇರೆ ಬೇರೆಯಾಗಿ ಬೈ. ಮೂಗು ಹೇಗೆ ಕಡಿಮೆ ಮಾಡಿದರೆ ಮುದುಕ ಮುದುಕನಾಗೇ ಉಳಿಯುತ್ತಾನೆ ಅಂತ ಗೊತ್ತಿರುವವಳು ನೀನೊಬ್ಬಳೇ. ಆ ಕೆಲಸ ನೀನೇ ಮಾಡಿಕೊಡು.

ಇನ್ನು ಹೆಸರಿನ ಮಾತು. ಬೇಲೂರಿನಲ್ಲಿ ಮದನಿಕೆಯರ ಕಾಲಡಿ ಅಕ್ಷರ ತೋರಿಸಿದಾಗ ನನ್ನ ಹೆಗಲ ಮೇಲೆ ಕೂತು ‘ಯಾರ ಹೆಸರು ತಾತಾ’ ಅಂದಿದ್ದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮ, ಒಂದೊಂದು ಕಡೆ ಬರೀ ‘ಮಲ್ಲಿ’. ಬೇಲೂರಿನ ಹೆಸರುಗಳ ಜೊತೆ ಬಿರುದುಗಳ ಜಂಬವೂ ಉಂಟು, ಎದುರಾಳಿ ಶಿಲ್ಪಿಗಳಿಗೆ ನಾನು ಹೀಗೆ, ಹಾಗೆ ಅಂತ. ಅಷ್ಟು ಜಂಬದವರೂ ಮೂರ್ತಿಯ ಅಳತೆ, ಗೂಡಿನ ಅಗಲ, ಬಳ್ಳಿಯ ಪಟ್ಟಿ ಎಲ್ಲಿ ಮುಗಿಯಬೇಕು ಅನ್ನುವುದರಲ್ಲಿ ದೇವಸ್ಥಾನದ ಲೆಕ್ಕ ಮೀರಿಲ್ಲ. ಜಂಬವನ್ನೆಲ್ಲ ಕೆಳಗಿನ ಎರಡು ಸಾಲಿನಲ್ಲಿ ಕೊರೆದುಕೊಂಡಿದ್ದಾರೆ. ನಿಮ್ಮ ಆಟದ ಕೊನೆಗೆ ಹೆಸರಿನ ಪಟ್ಟಿ ಬರುತ್ತದಲ್ಲ, ಅಲ್ಲಿ ‘ಆರ್ಟ್ ಟೀಮ್’ ಅಂತ ಒಂದೇ ಮುದ್ದೆ ಹಾಕಲು ಒಪ್ಪಬೇಡ. ನೀರಗಂಟಿ ಯಾರು, ಕೆರೆ ಯಾರು, ನಡಿಗೆ ಯಾರು, ಬಿಡಿಸಿ ಬರೆಯಿರಿ. ಬೇಕಾದರೆ ಬಿರುದೂ ಹಾಕಿಕೊಳ್ಳಿ.

ಮಾಡಬೇಕಾದ್ದು ಒಂದು ಹಾಳೆಯ ಕೆಲಸ. ನಾಳೆಯೇ ಆರು ಜನ ಕ್ಯಾಂಟೀನಿನಲ್ಲಿ ಕೂತು ಬರೆಯಿರಿ, ಕನ್ನಡವೋ ಇಂಗ್ಲಿಷೋ. ಯಾರು ಯಾವುದನ್ನು ಬರೆದದ್ದು, ಯಾವ ತಾರೀಕು. ಈ ಆಟಕ್ಕೆ ಬಳಸಲು ಗುಂಪಿಗೆ ಒಪ್ಪಿಗೆ ಇದೆ, ಮಾರಿಕೊಂಡಿಲ್ಲ. ಇದನ್ನು ಬಿಟ್ಟು ಬೇರೆ ಆಟಕ್ಕೋ, ಅಂಗಿಯ ಮೇಲೆ ಅಚ್ಚು ಹಾಕಲಿಕ್ಕೋ ಆದರೆ ಬರೆದವರನ್ನು ಮತ್ತೆ ಕೇಳಬೇಕು. ಯಾರಾದರೂ ನಡುವೆ ಬಿಟ್ಟು ಹೋದರೆ ಚಿತ್ರ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ದುಡ್ಡು ಬಂದರೆ ಹೇಗೆ ಅಂತಲೂ ಬರೆಯಿರಿ, ಈಗ ನಗು ಬಂದರೂ ಸರಿ. ವಕೀಲರು ಒಂದು ಮಾತು ಒತ್ತಿ ಹೇಳಿದರು: ಹಕ್ಕನ್ನೇ ಬರೆದುಕೊಡುವುದಾದರೆ ಬಾಯಿಮಾತು ನಿಲ್ಲುವುದಿಲ್ಲ, ಕಾಗದ ಬೇಕು, ಸಹಿ ಬೇಕು, ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆಮೇಲೆ ಬಣ್ಣ, ಬೆಳಕು, ಅಂಚಿನ ದಪ್ಪ, ಇದರಲ್ಲಿ ಕೊನೆಯ ಮಾತು ಯಾರದು ಅಂತ ಒಬ್ಬರ ಹೆಸರು ಬರೆಯಿರಿ. ಅದು ನೀನೇ ಆಗಬೇಕಾಗಿಲ್ಲ. ನನ್ನ ಕಣ್ಣಿಗೆ ಆ ಧಾರವಾಡದ ಹುಡುಗಿಗೆ ಬಣ್ಣದ ಹದ ನಿನಗಿಂತ ಒಂದು ಕೂದಲು ಹೆಚ್ಚು ಗೊತ್ತು. ಅವಳ ನೇರಳೆ ಆಕಾಶದ ಹಳೆಯ ಫೈಲು ಉಳಿದಿದ್ದರೆ ಒಮ್ಮೆ ತೆಗೆದು ನೋಡು. ಕೋಲಾರದ ಕಡೆ ಮಳೆ ಬರದ ವರ್ಷ, ಕತ್ತಲಾಗುವ ಹೊತ್ತಿನಲ್ಲಿ, ಧೂಳು ತುಂಬಿದ ಆಕಾಶ ನೇರಳೆಯೇ ಇರುತ್ತದೆ. ನಾನು ನೋಡಿದ್ದೇನೆ.

ಮೂರು ವಾರ ಇದೆ, ಸಾಕಷ್ಟು ಸಮಯ. ನಾವು ಮೂರು ರಾತ್ರಿಯಲ್ಲಿ ಊರು ತುಂಬಿಸುತ್ತಿದ್ದೆವು.

ನಿಮ್ಮಜ್ಜಿ ಕೋಡುಬಳೆ ಮಾಡಿ ಡಬ್ಬಿಗೆ ತುಂಬಿದ್ದಾಳೆ, ಮಂಗಳವಾರದ ಕೊರಿಯರಿಗೆ ಹಾಕುತ್ತೇನೆ. ಆರು ಜನಕ್ಕೆ ಎಣಿಸಿ ಹಾಕಿದ್ದಾಳೆ, ಆ ಹುಡುಗನದ್ದೂ ಸೇರಿ. ಅವನದ್ದನ್ನು ನೀನು ತಿನ್ನಬಾರದಂತೆ.

ಇಂತಿ ನಿನ್ನ
ತಾತ

ಮರೆತಿದ್ದೆ. ಮೂರನೇ ಹಾಳೆಯಲ್ಲಿ ನೀರಗಂಟಿ ಲಾಂದ್ರವನ್ನು ಎಡಗೈಯಲ್ಲಿ ಹಿಡಿದಿದ್ದಾನೆ, ಆದರೆ ಅವನ ಎಡಗೆನ್ನೆಯೇ ಕತ್ತಲಲ್ಲಿದೆ. ಇದನ್ನು ಯಾರೂ ತಿದ್ದಿದ್ದಲ್ಲ. ನಿನ್ನದೇ ಕೈ.